ಸೆಕೆಂಡ್ ಹ್ಯಾಂಡ್ ನೈಟ್ರೋ ಟ್ರಕ್ ಕೊಳ್ಳುವ ಮೊದಲು: ಕೊಡಗಿನವರಿಗೊಂದು ಕೈಪಿಡಿ

ಹೋದ ಮಳೆಗಾಲ ಈ ಗಾಡಿ ಎಲ್ಲಿತ್ತು? ಕೊಡಗಿನಲ್ಲಿ ಹಳೆಯ ನೈಟ್ರೋ ಆರ್‌ಸಿ ಟ್ರಕ್ (ರಿಮೋಟಿನಲ್ಲಿ ಓಡಿಸುವ, ಪುಟ್ಟ ನಿಜವಾದ ಎಂಜಿನ್ ಇರುವ ಮಾದರಿ ಗಾಡಿ) ನೋಡಲು ಹೋದವರು ಮಾರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಷ್ಟು ಸ್ಪೀಡ್ ಹೋಗುತ್ತದೆ, ಎಷ್ಟು ಲೀಟರ್ ಇಂಧನ ಓಡಿದೆ ಎಂಬುದೆಲ್ಲ ಆಮೇಲೆ.

ನೈಟ್ರೋ ಇಂಧನದ ಬಹುಪಾಲು ಮೆಥನಾಲ್. ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಓಡಿಸಿ ಮುಗಿದ ಮೇಲೆ ಎಂಜಿನ್‌ನೊಳಗೆ ಉಳಿದ ನಾಲ್ಕು ಹನಿ ಇಂಧನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯ ಗಾಳಿಯಲ್ಲಿ ನೀರೆಳೆಯುತ್ತ ಕೂತರೆ ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತದೆ. ಮುಂದೆ ಯಾರೋ ಸ್ಟಾರ್ಟ್ ಮಾಡಿದಾಗ ಆ ತುಕ್ಕಿನ ಪುಡಿ ಮೇಲೆದ್ದು ಪಿಸ್ಟನ್ನಿಗೂ ಅದು ಓಡಾಡುವ ಕೊಳವೆಯಾದ ಸ್ಲೀವಿಗೂ ನಡುವೆ ಸೇರಿ ಗೀರು ಹಾಕುತ್ತದೆ. ಬಯಲುಸೀಮೆಯಲ್ಲಿ ಈ ಎಂಜಿನ್‌ಗಳು ಹೆಚ್ಚಾಗಿ ಧೂಳಿನಿಂದ ಹಾಳಾಗುತ್ತವೆ. ನಮ್ಮಲ್ಲಿ ಬೇಸಿಗೆಯ ಕೆಂಪು ಧೂಳಿನ ಜೊತೆಗೆ ಕಕ್ಕಡದ ಮಳೆಯೂ ಇದೆ. ಹೆಚ್ಚು ಓಡಿದ, ಆದರೆ ಪ್ರತಿ ಸಲ ಇಂಧನ ಒಣಗಿಸಿ, ಎಂಜಿನ್‌ಗೆ ತುಕ್ಕು ತಡೆಯುವ ಎಣ್ಣೆ ಹಾಕಿ ಇಟ್ಟ ಟ್ರಕ್ಕು, ಎರಡೇ ಸಲ ಓಡಿ ಕಾರ್ ಶೆಡ್ಡಿನ ಮೂಲೆಯಲ್ಲಿ ಮೂರು ಮಳೆಗಾಲ ಬಿದ್ದಿದ್ದ 'ಹೊಸದರಂಥ' ಟ್ರಕ್ಕಿಗಿಂತ ಖಂಡಿತ ಒಳ್ಳೆಯದು. ಈ ಬರಹದ ಉಳಿದೆಲ್ಲ ಪರೀಕ್ಷೆಗಳೂ ಆ ವ್ಯತ್ಯಾಸವನ್ನು ಹುಡುಕುವುದಕ್ಕೇ.

ಯಾವುದನ್ನು ಹುಡುಕಬೇಕು

ಎಂಜಿನ್ ಗಾತ್ರವನ್ನು ಹಳೆಯ ಪದ್ಧತಿಯಂತೆ ಘನ ಇಂಚಿನಲ್ಲಿ ಹೇಳುತ್ತಾರೆ. .12 ಎಂದರೆ ಸುಮಾರು 2.1 ಸಿಸಿ, .15 ಎಂದರೆ 2.5, .18 ಎಂದರೆ 3, .21 ಎಂದರೆ 3.5, .28 ಎಂದರೆ 4.6 ಸಿಸಿ. 1/10 ಅಳತೆಯ ಮಾನ್‌ಸ್ಟರ್ ಟ್ರಕ್ಕುಗಳಲ್ಲಿ ಹೆಚ್ಚಾಗಿ .15 ಅಥವಾ .18 ಇರುತ್ತದೆ, 1/8 ಅಳತೆಯ ದೊಡ್ಡವುಗಳಲ್ಲಿ .21 ಮತ್ತು ಮೇಲಿನವು. ಮೊದಲ ಸಲ ಕೊಳ್ಳುವವರಿಗೆ 1/10 ಸಾಕು. ಟ್ಯಾಂಕ್ ಚಿಕ್ಕದು, ಇಂಧನ ಕಡಿಮೆ ಕುಡಿಯುತ್ತದೆ, ಮುರಿಯುವ ಭಾಗಗಳೂ ಅಗ್ಗ.

ನಮ್ಮ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚಾಗಿ ಕಾಣುವುದು ಎಚ್‌ಎಸ್‌ಪಿ 94188ರಂಥ ಚೀನಾ ಟ್ರಕ್ಕುಗಳು, ಟ್ರಾಕ್ಸಾಸ್ ಟಿ-ಮ್ಯಾಕ್ಸ್ ಮತ್ತು ರೆವೋ, ಅಲ್ಲಲ್ಲಿ ಎಚ್‌ಪಿಐ ಸಾವೇಜ್. ಎಚ್‌ಎಸ್‌ಪಿ ಗಾಡಿಗಳ ಲೋಹ ಮೆದು, ಸ್ಕ್ರೂ ತಲೆ ಬೇಗ ಸವೆಯುತ್ತದೆ. ಆದರೆ ಅದೇ ಚಾಸಿ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗಿರುವುದರಿಂದ ಬಿಡಿಭಾಗ ಸಿಗುವ ದಾರಿ ಹಲವು. ಟಿ-ಮ್ಯಾಕ್ಸ್ 1999ರಲ್ಲಿ ಬಂದದ್ದು. ಮೊದಲು .15 ಎಂಜಿನ್, ನಂತರ '2.5' ಎಂಬ ಹೆಸರಿನ ಬೇರೆ ಎಂಜಿನ್, ಆಮೇಲೆ 3.3 ಸಿಸಿ. ಇವುಗಳ ಬಿಡಿಭಾಗಗಳು ಎಲ್ಲವೂ ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ಯಾವ ತಲೆಮಾರಿನದು ಎಂದು ಖಚಿತ ಮಾಡಿಕೊಳ್ಳಿ. ಟ್ರಾಕ್ಸಾಸ್‌ನಲ್ಲಿ ದಾರ ಎಳೆಯುವ ಪುಲ್ ಸ್ಟಾರ್ಟ್ ಬದಲು ಈಝಿ-ಸ್ಟಾರ್ಟ್ ಇರುತ್ತದೆ: ಕೈಯಲ್ಲಿ ಹಿಡಿಯುವ ಬ್ಯಾಟರಿ ಪೆಟ್ಟಿಗೆಯೊಂದನ್ನು ಗಾಡಿಗೆ ಚುಚ್ಚಿ ಗುಂಡಿ ಒತ್ತಿದರೆ ಮೋಟರ್ ತಿರುಗಿಸುತ್ತದೆ, ಗ್ಲೋ ಪ್ಲಗ್ಗಿಗೂ (ಇಂಧನ ಹೊತ್ತಿಸುವ, ಕೆಂಪಗೆ ಕಾಯುವ ಸುರುಳಿಯ ಪ್ಲಗ್) ಅದೇ ಕರೆಂಟ್ ಕೊಡುತ್ತದೆ. ಆ ಪೆಟ್ಟಿಗೆ ಕಳೆದುಹೋಗಿದ್ದರೆ ಟ್ರಕ್ ಸ್ಟಾರ್ಟ್ ಆಗುವುದೇ ಇಲ್ಲ. ಫೋಟೋದಲ್ಲಿ ಅದು ಇದೆಯೇ ನೋಡಿ.

ಕಂಪನಿಯ ಹೆಸರೇ ಇಲ್ಲದ, ಮಾಡೆಲ್ ನಂಬರ್ ಮಾರುವವರಿಗೂ ಗೊತ್ತಿಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಒಂದು ಸ್ಪರ್ ಗೇರ್ (ಎಂಜಿನ್ನಿನ ಬಲವನ್ನು ಚಕ್ರಗಳ ಕಡೆ ಒಯ್ಯುವ ದೊಡ್ಡ ಗೇರ್) ಹಲ್ಲು ಹೋದ ದಿನವೇ ಅದು ಶೋಕೇಸಿಗೆ ಹೋಗುತ್ತದೆ.

ಇಂಧನದ ಮಾತು ಮೊದಲೇ ಮುಗಿಸಿಕೊಳ್ಳಿ

ಗಾಡಿ ನೋಡುವ ಮುಂಚೆಯೇ ಇಂಧನ ಎಲ್ಲಿಂದ ತರುತ್ತೀರಿ ಎಂದು ಯೋಚಿಸಿ. ಆರ್‌ಸಿ ಟ್ರಕ್ಕಿಗೆ ಸಾಮಾನ್ಯವಾಗಿ 16ರಿಂದ 25 ಶೇಕಡಾ ನೈಟ್ರೋಮೀಥೇನ್, ಉಳಿದಂತೆ ಮೆಥನಾಲ್ ಮತ್ತು ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ ಇರುವ ಸಿದ್ಧ ಇಂಧನ ಬೇಕು. ವಿಮಾನ ಮಾದರಿಗಳಿಗೆಂದು ಮಾರುವ ಕಡಿಮೆ ನೈಟ್ರೋದ ಇಂಧನ ಬೇರೆ. ಅದರಲ್ಲಿ ಟ್ರಕ್ಕಿನ ಐಡಲ್ (ಥ್ರಾಟಲ್ ಒತ್ತದೆ ನಿಂತಲ್ಲೇ ಮೆಲ್ಲಗೆ ಓಡುವುದು) ಸರಿಯಾಗಿ ನಿಲ್ಲುವುದಿಲ್ಲ. ಇದು ಬೇಗ ಹತ್ತಿಕೊಳ್ಳುವ ದ್ರವವಾದ್ದರಿಂದ ಬಸ್ಸಿನ ಲಗೇಜಿನಲ್ಲಿ ತರುವಂತಿಲ್ಲ, ಸಾಮಾನ್ಯ ಕೊರಿಯರ್‌ನವರೂ ಒಯ್ಯುವುದಿಲ್ಲ. ಬೆಂಗಳೂರಿನ ಹಾಬಿ ಅಂಗಡಿಯಿಂದ ಸ್ವಂತ ವಾಹನದಲ್ಲಿ, ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ, ನೇರ ನಿಲ್ಲಿಸಿಕೊಂಡು ತರುವುದೇ ದಾರಿ. ಆ ಏರ್ಪಾಡು ಆಗದಿದ್ದರೆ ಬ್ಯಾಟರಿ ಟ್ರಕ್ ಕೊಳ್ಳುವುದು ಜಾಣತನ.

ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ ಓಡಿಸಬಹುದು ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ಗ್ಲೋ ಪ್ಲಗ್ಗಿನ ಸುರುಳಿಯ ಪ್ಲಾಟಿನಂ ಮೆಥನಾಲ್ ಆವಿಯ ಜೊತೆ ವರ್ತಿಸಿ ಕೆಂಪಗೆ ಉಳಿಯುವುದರಿಂದಲೇ ಸ್ಪಾರ್ಕ್ ಇಲ್ಲದೆ ಈ ಎಂಜಿನ್ ಓಡುತ್ತದೆ; ಪೆಟ್ರೋಲಿಗೆ ಆ ಗುಣವಿಲ್ಲ. ಆದರೂ ಪ್ರಯತ್ನಿಸಿದವರ ಗಾಡಿಗಳು ಮಾರಾಟಕ್ಕೆ ಬರುತ್ತವೆ. ಗುರುತು ಹಿಡಿಯುವುದು ಸುಲಭ: ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ, ಸಿಲಿಕೋನ್ ಇಂಧನ ಪೈಪು ಉಬ್ಬಿ ಮೆತ್ತಗಾಗಿ ನಿಪ್ಪಲಿನಿಂದ ಜಾರುತ್ತಿರುತ್ತದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಮೆಥನಾಲ್ ವಿಷ. ಸ್ವಲ್ಪ ಒಳಗೆ ಹೋದರೂ ಕಣ್ಣು ಹೋಗಬಹುದು, ಜೀವಕ್ಕೂ ಅಪಾಯ. ಚರ್ಮದ ಮೂಲಕವೂ ಒಳಸೇರುತ್ತದೆ. ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಅದನ್ನು ಎಂದಿಗೂ ತುಂಬಿಡಬೇಡಿ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಸಮಾಧಾನದ ಸಂಗತಿಯೆಂದರೆ ಅದು ನೀರಿನಲ್ಲಿ ಬೆರೆಯುವುದರಿಂದ ಒಂದು ಬಕೆಟ್ ನೀರು ಪಕ್ಕದಲ್ಲಿದ್ದರೆ ಸಣ್ಣ ಬೆಂಕಿಯನ್ನು ಆರಿಸಬಹುದು.

ಫೋನಿನಲ್ಲಿ ಕೇಳುವುದು, ಕೈಯಲ್ಲಿ ಒಯ್ಯುವುದು

ಮಾರುವವರಿಗೆ ಒಂದೇ ಷರತ್ತು ಹಾಕಿ: ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳುವುದಿಲ್ಲ. ಹೋದಾಗ ಸಿಲಿಂಡರ್ ಹೆಡ್ ಬೆಚ್ಚಗಿದ್ದರೆ ಕಾಫಿ ಕುಡಿದು, ಮಾತಾಡಿ, ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಚ್ಚಿ. ಫೋನಿನಲ್ಲೇ ಇನ್ನೂ ಕೆಲವು ವಿಷಯ ತಿಳಿದುಕೊಳ್ಳಿ: ಯಾವ ಇಂಧನ ಹಾಕುತ್ತಿದ್ದರು, ಓಡಿಸಿದ ಮೇಲೆ ಎಂಜಿನ್‌ಗೆ ಏನು ಎಣ್ಣೆ ಬಿಡುತ್ತಿದ್ದರು, ಪಿಸ್ಟನ್-ಸ್ಲೀವ್ ಎಂದಾದರೂ ಬದಲಾಗಿದೆಯೇ, ಕೊನೆಯ ಸಲ ಓಡಿದ್ದು ಯಾವಾಗ. ಎರಡನೆಯ ಪ್ರಶ್ನೆಗೆ ತಡವರಿಸಿದರೆ ಗೊತ್ತಾಯಿತು, ಎಣ್ಣೆ ಬಿಡುತ್ತಿರಲಿಲ್ಲ.

ಹೋಗುವಾಗ ಸೀಲ್ ಒಡೆಯದ ಹೊಸ ಇಂಧನ, ಎರಡು ಹೊಸ ಗ್ಲೋ ಪ್ಲಗ್, ಚಾರ್ಜ್ ಆದ ಗ್ಲೋ ಇಗ್ನೈಟರ್ (ಪ್ಲಗ್ಗಿನ ಸುರುಳಿ ಕಾಯಿಸುವ ಬ್ಯಾಟರಿ ಸಾಧನ), ಪ್ಲಗ್ ಸ್ಪ್ಯಾನರ್, 1.5ರಿಂದ 3 ಎಂಎಂವರೆಗಿನ ಅಲೆನ್ ಕೀಗಳು, ರಿಮೋಟಿಗೂ ರಿಸೀವರ್‌ಗೂ ಸೇರಿ ಒಂದು ಡಜನ್ ಎಎ ಸೆಲ್, ಟಾರ್ಚ್, ಹಳೇ ಬಟ್ಟೆ, ಸಿಕ್ಕರೆ ಇನ್ಫ್ರಾರೆಡ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಪ್ಲಗ್ಗಿನಲ್ಲಿ ಸ್ಟ್ಯಾಂಡರ್ಡ್ ಮತ್ತು ಟರ್ಬೋ ಎಂದು ಎರಡು ಜಾತಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮಾಡೆಲ್ ನೋಡಿ ತನ್ನಿ. ಮಾರುವವರ ಮನೆಯಲ್ಲಿ ಅರ್ಧ ಖಾಲಿಯಾದ ಬಾಟಲಿ ಇದ್ದರೂ ಅದರಲ್ಲಿ ಪರೀಕ್ಷೆ ಮಾಡಬೇಡಿ. ಸೀಲ್ ಒಡೆದು ಮಳೆಗಾಲ ದಾಟಿದ ಬಾಟಲಿಯಲ್ಲಿ ನೀರು ಸೇರಿರುತ್ತದೆ. ಒಳ್ಳೆಯ ಎಂಜಿನ್ ಕೂಡ ಅದರಲ್ಲಿ ಕೆಮ್ಮುತ್ತದೆ, ಆಗ ಎಂಜಿನ್ ಕೆಟ್ಟಿದೆಯೋ ಇಂಧನವೋ ಎಂದು ತಿಳಿಯುವುದೇ ಇಲ್ಲ.

ನೋಡುವ ಜಾಗದ ಬಗ್ಗೆ ಒಂದು ಮಾತು. ಕಾಫಿ ಕಣ ಸಮತಟ್ಟಾಗಿ, ವಿಶಾಲವಾಗಿ ಇರುವುದರಿಂದ ಓಡಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಕಣದಲ್ಲಿ ಕಾಫಿ ಅಥವಾ ಕರಿಮೆಣಸು ಹರವಿದ್ದರೆ ಹತ್ತಿರ ಕೂಡ ಸ್ಟಾರ್ಟ್ ಮಾಡಬೇಡಿ. ಸೈಲೆನ್ಸರ್‌ನಿಂದ ಸುಡದ ಎಣ್ಣೆ ಹನಿಹನಿಯಾಗಿ ಹಾರುತ್ತಲೇ ಇರುತ್ತದೆ, ಕಾಳಿಗೆ ತಗುಲಿದರೆ ವಾಸನೆ ಹೋಗುವುದಿಲ್ಲ. ಸಿದ್ದಾಪುರ, ತಿತಿಮತಿ ಕಡೆಯ ಕಾಡಂಚಿನ ತೋಟಗಳಲ್ಲೂ ಈ ಕರ್ಕಶ ಸದ್ದು ಬೇಡ. ಅಲ್ಲಿ ಆನೆ ಎಲ್ಲಿ ನಿಂತಿದೆ ಎಂದು ಹೇಳಲಾಗದು.

ತಣ್ಣಗಿರುವಾಗ ನೋಡಬೇಕಾದ್ದು

ಬಾಡಿ ತೆಗೆದು ಪಕ್ಕಕ್ಕಿಡಿ. ಬಣ್ಣ, ಸ್ಟಿಕ್ಕರ್ ಯಾವುದಕ್ಕೂ ಬೆಲೆಯಿಲ್ಲ. ನೇರ ಏರ್ ಫಿಲ್ಟರ್‌ಗೆ ಹೋಗಿ. ಅದರ ಸ್ಪಂಜು ಎಣ್ಣೆಯಿಂದ ಅಂಟಂಟಾಗಿರಬೇಕು. ಒಣಗಿ ಪುಡಿಯಾಗುತ್ತಿದ್ದರೆ, ಹರಿದಿದ್ದರೆ, ಬೂಷ್ಟು ಹಿಡಿದಿದ್ದರೆ, ಎಂಜಿನ್ ಧೂಳು ಉಸಿರಾಡಿದೆ ಎಂದೇ ಲೆಕ್ಕ. ಫಿಲ್ಟರ್ ಕಳಚಿ ಕಾರ್ಬುರೇಟರ್ ಬಾಯಿಯೊಳಗೆ ಬೆರಳು ಆಡಿಸಿ ನೋಡಿ. ಕೆಂಪು ಮಣ್ಣಿನ ತೆಳು ಪದರ ಬೆರಳಿಗೆ ಹತ್ತಿದರೆ ಪಿಸ್ಟನ್ ಮೇಲೆ ಗೀರು ಇದ್ದೇ ಇರುತ್ತದೆ. ಇಡೀ ಪರೀಕ್ಷೆಯಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದೆ ಎಂದಾದರೆ ಇದನ್ನು ಮಾಡಿ.

ಮುಂದೆ ಗ್ಲೋ ಪ್ಲಗ್ ಬಿಚ್ಚಿ. ಸುರುಳಿ ಇಗ್ನೈಟರ್‌ನಲ್ಲಿ ಕಿತ್ತಳೆ ಬಣ್ಣಕ್ಕೆ ಉರಿಯಬೇಕು. ಸುರುಳಿ ಒಂದೆಡೆ ಮುದ್ದೆಯಾಗಿದ್ದರೆ ಅಥವಾ ಅದರ ಮೇಲೆ ಸಣ್ಣ ಲೋಹದ ಕಣಗಳು ಕಂಡರೆ ಒಳಗೆ ಏನೋ ಸವೆಯುತ್ತಿದೆ, ಹೆಚ್ಚಾಗಿ ಬೇರಿಂಗ್ ಅಥವಾ ಕನೆಕ್ಟಿಂಗ್ ರಾಡ್. ಪ್ಲಗ್ ಹೊರಗಿರುವಾಗಲೇ ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ. ಈ ಎಂಜಿನ್‌ಗಳಿಗೆ ಪಿಸ್ಟನ್ ರಿಂಗ್ ಇಲ್ಲ. ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್ ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ತುದಿ ಮುಟ್ಟುವಾಗ ಅಲ್ಲಿ ಹಿಡಿದುಕೊಳ್ಳುತ್ತದೆ. ಪಿಂಚ್ ಎನ್ನುವುದು ಈ ಹಿಡಿತಕ್ಕೇ. ತಣ್ಣಗಿರುವ ಎಂಜಿನ್‌ನಲ್ಲಿ ಮೇಲ್ತುದಿ ದಾಟಿಸಲು ಬೆರಳಿಗೆ ಸ್ವಲ್ಪ ಬಲ ಬೇಕು. ಪ್ಲಗ್ ಇಲ್ಲದೆ ಸುತ್ತಿದಾಗ ಎಲ್ಲೂ ತಡೆಯಿಲ್ಲದೆ ಜಾರಿದರೆ ಪಿಸ್ಟನ್-ಸ್ಲೀವ್ ಮುಗಿದಿದೆ.

ತಿರುಗಿಸುವಾಗ ಬೆರಳಿಗೆ ಮರಳು ಅರೆದ ಹಾಗೆ ತಗುಲಿದರೆ ಬೇರಿಂಗ್ ತುಕ್ಕು. ಫ್ಲೈವೀಲನ್ನು ಮೇಲೆ ಕೆಳಗೆ ಅಲುಗಿಸಿ. ಮುಂದಿನ ಬೇರಿಂಗ್‌ನಲ್ಲಿ ಪ್ಲೇ (ಸಡಿಲು) ಇರಬಾರದು. ಫ್ಲೈವೀಲಿನ ಹಿಂಬದಿ, ಎಂಜಿನ್‌ನ ಮೂತಿಯ ಸುತ್ತ ಹಸಿ ಎಣ್ಣೆ ಕಟ್ಟಿದ್ದರೆ ಆ ಬೇರಿಂಗ್ ಸೋರುತ್ತಿದೆ, ಅಲ್ಲಿಂದ ಗಾಳಿಯನ್ನೂ ಎಳೆಯುತ್ತದೆ. ಅಂಥ ಎಂಜಿನ್‌ನ ಐಡಲ್ ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ಈಗ ಪಿಸ್ಟನ್ ಮೇಲ್ತುದಿಗೆ ತಂದು ಫ್ಲೈವೀಲನ್ನು ಅತ್ತಿತ್ತ ಸಣ್ಣದಾಗಿ ಆಡಿಸಿ. 'ಟಕ್ ಟಕ್' ಎಂದು ಕೈಗೆ ತಿಳಿದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬುಷ್ ಸವೆದಿದೆ. ರಾಡ್ ಮುರಿದರೆ ಪಿಸ್ಟನ್, ಸ್ಲೀವ್, ಕೆಲವೊಮ್ಮೆ ಕೇಸನ್ನೂ ಜೊತೆಗೆ ಒಯ್ಯುತ್ತದೆ.

ಮಾರುವವರು ಒಪ್ಪಿದರೆ ಸೈಲೆನ್ಸರಿನ ಮ್ಯಾನಿಫೋಲ್ಡ್ ಬಿಚ್ಚಿ ಎಕ್ಸಾಸ್ಟ್ ಕಿಂಡಿಯಿಂದ ಟಾರ್ಚ್ ಬಿಡಿ. ಪಿಸ್ಟನ್ ಬದಿಯ ಮೇಲೆ ಕಂದು ಬಣ್ಣದ ಎಣ್ಣೆ ಕಲೆ ಇದ್ದರೆ ಚಿಂತೆಯಿಲ್ಲ. ನೆಟ್ಟಗೆ ಮೇಲಿಂದ ಕೆಳಕ್ಕೆ ಉಗುರಿಗೆ ತಗಲುವಂಥ ಗೀರುಗಳಿದ್ದರೆ ಆ ಎಂಜಿನ್ನಿಗೆ ದುಡ್ಡು ಕೊಡಬೇಡಿ. ಪಿಸ್ಟನ್ ಕೆಳಗಿಳಿಸಿ ಎದುರಿನ ಸ್ಲೀವ್ ಗೋಡೆಯನ್ನೂ ನೋಡಿ. ಕ್ರೋಮ್ ಎದ್ದು ಒಳಗಿನ ಹಿತ್ತಾಳೆಯ ಹಳದಿ ಕಂಡರೆ ಕತೆ ಮುಗಿಯಿತು.

ಟ್ಯಾಂಕಿನ ಪರೀಕ್ಷೆಗೆ ಎರಡು ನಿಮಿಷ ಸಾಕು. ಒಂದು ನಿಪ್ಪಲನ್ನು ಬೆರಳಲ್ಲಿ ಮುಚ್ಚಿ, ಇನ್ನೊಂದಕ್ಕೆ ಪೈಪು ಸಿಕ್ಕಿಸಿ ಸಿರಿಂಜಿನಿಂದ ಗಾಳಿ ತುಂಬುತ್ತ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿ ಸೋರಿಕೆ. ಬಹಳ ಸಲ ಮುಚ್ಚಳದ ಓ-ರಿಂಗ್. ಸೈಲೆನ್ಸರಿನ ಒತ್ತಡವೇ ಇಂಧನವನ್ನು ಕಾರ್ಬಿಗೆ ತಳ್ಳುವುದರಿಂದ ಮುಚ್ಚಳ ಸೋರಿದರೆ ಗಾಡಿ ಓಡುತ್ತ ಓಡುತ್ತ ಇಂಧನ ಸಾಲದೆ ಅತಿಯಾಗಿ ಕಾಯುತ್ತದೆ. ಬಾಯಿಂದ ಮಾತ್ರ ಊದಬೇಡಿ, ಒಳಗಿರುವುದು ಮೆಥನಾಲ್.

ಕೆಳಗಿನ ಭಾಗಗಳು ಬೇಗ ನೋಡಿ ಮುಗಿಸಬಹುದು. ಸ್ಪರ್ ಗೇರ್ ಹಲ್ಲು ಮೊನಚಾಗಿ ಸವೆದಿದೆಯೇ, ಕ್ಲಚ್ ಬೆಲ್ (ಸ್ಪರ್ ಗೇರನ್ನು ತಿರುಗಿಸುವ, ಕ್ಲಚ್ಚಿನ ಬಟ್ಟಲು) ಕಾದು ನೀಲಿ ಬಣ್ಣಕ್ಕೆ ತಿರುಗಿದೆಯೇ, ಬೆಲ್ ಒಳಗಿನ ಎರಡು ಚಿಕ್ಕ ಬೇರಿಂಗ್ ಗಲಗಲ ಎನ್ನುತ್ತವೆಯೇ ನೋಡಿ. ಸ್ಪರ್ ಗೇರ್ ಅಲುಗದಂತೆ ಹಿಡಿದು ಒಂದು ಚಕ್ರ ತಿರುಗಿಸಿದರೆ ಎದುರು ಬದಿಯ ಚಕ್ರ ತಿರುಗುಮುರುಗು ಸುತ್ತಬೇಕು, ನಯವಾಗಿ. ಕಟಕಟ ಎಂದರೆ ಡಿಫ್‌ನೊಳಗೆ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗೇರ್ ಪೆಟ್ಟಿಗೆ) ಹಲ್ಲು ಹೋಗಿದೆ. ಪ್ರತಿ ಚಕ್ರ ಹಿಡಿದು ಅಲುಗಿಸಿ ಬೇರಿಂಗ್ ನೋಡಿ. ಇವು ಚಿಲ್ಲರೆ ದುಡ್ಡಿಗೆ ಸಿಗುವ ಸಾಮಾನ್ಯ ಅಳತೆಯವು, ಇಲ್ಲಿ ತುಕ್ಕು ಕಂಡರೆ ಹೆದರಬೇಕಾಗಿಲ್ಲ, ಎಂಜಿನ್ ಒಳಗೂ ಹೀಗೇ ಇರಬಹುದೇ ಎಂಬ ಅನುಮಾನಕ್ಕೆ ಮಾತ್ರ ಅದು ಆಧಾರ. ಚಾಸಿಯ ಮೇಲೆ ಸ್ಟೀಲ್ ಸ್ಕೇಲ್ ನೆಟ್ಟಗಿಟ್ಟು ಬಾಗಿದೆಯೇ ನೋಡಿ. ಶಾಕ್ ಸೋರುವುದು, ಆರ್ಮ್ ಸೀಳುವುದು ಇವೆಲ್ಲ ಆಟದ ಭಾಗ, ರಿಪೇರಿ ಆಗುವಂಥವು. ಅಲೆನ್ ಸ್ಕ್ರೂಗಳ ತಲೆ ದುಂಡಗಾಗಿ ಹೋಗಿರುವುದು ಅದಕ್ಕಿಂತ ಕೆಟ್ಟ ಲಕ್ಷಣ. ಮುಂದೆ ಒಂದೊಂದು ಸ್ಕ್ರೂ ಡ್ರಿಲ್ ಮಾಡಿ ತೆಗೆಯಬೇಕಾಗುತ್ತದೆ.

ರಿಮೋಟ್ 2.4 ಗಿಗಾಹರ್ಟ್ಸ್‌ನದಾಗಿರಲಿ. ಉದ್ದ ಆಂಟೆನಾದ, ಕ್ರಿಸ್ಟಲ್ ಹಾಕುವ ಹಳೆಯ 27 ಮೆಗಾಹರ್ಟ್ಸ್ ಸೆಟ್ ಬಂದರೆ ಅದನ್ನು ಬದಲಿಸುವ ಖರ್ಚನ್ನು ಈಗಲೇ ಬೆಲೆಯಿಂದ ಕಳೆಯಿರಿ. ರಿಸೀವರ್ ಪೆಟ್ಟಿಗೆ ತೆರೆದು ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಫೇಲ್‌ಸೇಫ್ ಪರೀಕ್ಷೆ ಕಡ್ಡಾಯ: ಎಂಜಿನ್ ಆಫ್ ಇರುವಾಗ ಥ್ರಾಟಲ್ ಅರ್ಧ ಒತ್ತಿ ಹಿಡಿದು ರಿಮೋಟ್ ಆಫ್ ಮಾಡಿ. ಕಾರ್ಬ್ ತಾನಾಗಿ ಮುಚ್ಚಿ ಬ್ರೇಕ್ ಹಿಡಿಯಬೇಕು. ಹಿಡಿಯದಿದ್ದರೆ ಸಿಗ್ನಲ್ ಹೋದ ಕ್ಷಣ ಕೆಲವು ಕಿಲೋ ತೂಕದ ಟ್ರಕ್ ಪೂರ್ತಿ ವೇಗದಲ್ಲಿ ಯಾರ ಕಾಲಿಗೆ ಬಡಿಯುತ್ತದೋ ಗೊತ್ತಿಲ್ಲ. ಕಾರ್ಬಿಗೆ ರಿಟರ್ನ್ ಸ್ಪ್ರಿಂಗ್ ಕೂಡ ಇರಲಿ, ರಿಸೀವರ್ ಬ್ಯಾಟರಿಯೇ ಕೈಕೊಟ್ಟಾಗ ಫೇಲ್‌ಸೇಫ್ ಕೆಲಸ ಮಾಡುವುದಿಲ್ಲ.

ಸ್ಟಾರ್ಟ್ ಮಾಡುವುದು

ಡಿಸೆಂಬರ್-ಜನವರಿಯ ಬೆಳಗಿನ ಚಳಿಯಲ್ಲಿ ಪಿಂಚ್ ಚೆನ್ನಾಗಿರುವ ಎಂಜಿನ್ ಕಲ್ಲಿನಂತೆ ಬಿಗಿದಿರುತ್ತದೆ. ಹೇರ್ ಡ್ರೈಯರ್‌ನಲ್ಲಿ ಹೆಡ್ಡನ್ನು ಕೈಯಿಡಲು ಕಷ್ಟವಾಗುವಷ್ಟು ಬೆಚ್ಚಗೆ ಮಾಡಿ ಆಮೇಲೆ ಎಳೆಯಿರಿ. ಟ್ಯಾಂಕಿಗೆ ಇಂಧನ ಸುರಿಯುವ ಮುಂಚೆಯೇ ಬೆಚ್ಚಗೆ ಮಾಡುವ ಕೆಲಸ ಮುಗಿದಿರಬೇಕು.

ಟ್ಯಾಂಕ್ ಅರ್ಧ ತುಂಬಿಸಿ. ಪ್ಲಗ್ಗಿಗೆ ಇಗ್ನೈಟರ್ ಹಾಕದೆ, ಸೈಲೆನ್ಸರ್ ತುದಿಯನ್ನು ಬಟ್ಟೆಯಿಂದ ಒತ್ತಿಹಿಡಿದು ಎರಡು-ಮೂರು ಸಲ ದಾರ ಎಳೆದರೆ ಪೈಪಿನಲ್ಲಿ ಇಂಧನ ಕಾರ್ಬಿನ ತನಕ ಬರುವುದು ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಇಗ್ನೈಟರ್ ಹಾಕಿ, 25-30 ಸೆಂಟಿಮೀಟರ್‌ಗಿಂತ ಉದ್ದಕ್ಕೆ ಹೋಗದಂತೆ ಚಿಕ್ಕ, ಚುರುಕು ಎಳೆತ ಕೊಡಿ. ಪೂರ್ತಿ ದಾರ ಎಳೆದರೆ ಒಳಗಿನ ಸ್ಪ್ರಿಂಗ್ ಕಿತ್ತುಬರುತ್ತದೆ. ಸುಸ್ಥಿತಿಯ ಎಂಜಿನ್ ಹತ್ತು ಎಳೆತದೊಳಗೆ ಹಿಡಿಯಬೇಕು. ಮಧ್ಯದಲ್ಲಿ ದಾರ ಗಟ್ಟಿಯಾಗಿ ನಿಂತೇಬಿಟ್ಟರೆ ಇಂಧನ ಜಾಸ್ತಿಯಾಗಿ ಪಿಸ್ಟನ್ ಮೇಲೆ ತುಂಬಿದೆ. ಬಲವಂತ ಮಾಡಿದರೆ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಗಾಡಿ ಮಗುಚಿ ಹಿಡಿದು, ಮುಖ ದೂರವಿಟ್ಟು ನಾಲ್ಕು ಸಲ ಎಳೆಯಿರಿ. ದ್ರವ ಚಿಮ್ಮಿ ಹೋಗುತ್ತದೆ.

ಹಿಡಿದ ಮೇಲೆ ಒಂದೆರಡು ನಿಮಿಷ ಮೆಲ್ಲಗೆ ಓಡಿಸಿ ಬೆಚ್ಚಗಾಗಲು ಬಿಡಿ, ಇಗ್ನೈಟರ್ ತೆಗೆಯಿರಿ. ಐಡಲ್‌ನಲ್ಲಿ ಚಕ್ರ ತಾನಾಗಿ ತಿರುಗಬಾರದು. ತಿರುಗಿದರೆ ಐಡಲ್ ಜಾಸ್ತಿ ಇಟ್ಟಿದ್ದಾರೆ ಅಥವಾ ಕ್ಲಚ್ ಸ್ಪ್ರಿಂಗ್ ಸೋತಿದೆ. ಪೂರ್ತಿ ಥ್ರಾಟಲ್‌ನಲ್ಲಿ ಹಿಂದೆ ತೆಳ್ಳನೆ ನೀಲಿ-ಬಿಳಿ ಹೊಗೆಯ ಗೆರೆ ಕಾಣಲೇಬೇಕು. ಹೊಗೆಯೇ ಇಲ್ಲದೆ ಕಿರುಚುತ್ತ ಓಡಿದರೆ ಗಾಡಿ ಮಾರಾಟಕ್ಕೆಂದು ಸ್ಪೀಡ್ ತೋರಿಸಲು ಇಂಧನ ಕಡಿಮೆ ಮಾಡಿ ಇಟ್ಟಿದ್ದಾರೆ, ಎಣ್ಣೆ ಸಾಲದೆ ಪಿಸ್ಟನ್ ಉಜ್ಜಿಹೋಗುತ್ತಿದೆ. ಹೆಡ್ ಉಷ್ಣತೆ ಸುಮಾರು 105ರಿಂದ 130 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಹೆಡ್ ಮೇಲೆ ಒಂದು ಹನಿ ನೀರು ಬಿಡಿ: ಮೂರರಿಂದ ಐದು ಸೆಕೆಂಡಿನಲ್ಲಿ ಕುದಿದು ಆರಿದರೆ ಸರಿ, ಬಿದ್ದ ಕೂಡಲೇ ಚಟ್ ಎಂದು ಹಾರಿದರೆ ಅತಿ ಬಿಸಿ.

ಥ್ರಾಟಲ್ ಬಿಟ್ಟಾಗ ಸದ್ದು ತಕ್ಷಣ ಇಳಿಯಬೇಕು. ಕೆಲವು ಸೆಕೆಂಡ್ ಮೇಲೇ ತೇಲಿ ನಿಧಾನ ಇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಇಂಧನ ಕಡಿಮೆ ಬರುತ್ತಿದೆ. ಐಡಲ್‌ನಲ್ಲಿ ನಿಂತಿರುವಾಗ ಕಾರ್ಬಿನ ಹತ್ತಿರ ಇಂಧನ ಪೈಪನ್ನು ಚಿವುಟಿ ಹಿಡಿಯಿರಿ. ಎರಡು-ಮೂರು ಸೆಕೆಂಡಿನಲ್ಲಿ ಸದ್ದು ಸ್ವಲ್ಪ ಏರಿ ಎಂಜಿನ್ ನಿಂತರೆ ಲೋ ಸ್ಪೀಡ್ ನೀಡಲ್ (ನಿಧಾನ ಓಟಕ್ಕೆ ಇಂಧನದ ಹದ ಮಾಡುವ ಕಾರ್ಬಿನ ಸ್ಕ್ರೂ) ಸರಿಯಾಗಿದೆ. ಕೂಡಲೇ ಸತ್ತರೆ ಇಂಧನ ಕಡಿಮೆ, ಬಹಳ ಹೊತ್ತು ಎಳೆದಾಡಿದರೆ ಹೆಚ್ಚು.

ಈಗ ನಿರ್ಣಾಯಕ ಪರೀಕ್ಷೆ. ಐದಾರು ನಿಮಿಷ ಚೆನ್ನಾಗಿ ಓಡಿಸಿ, ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಒತ್ತಿ ನಿಲ್ಲಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಾದಾಗ ಸ್ಲೀವ್ ಹಿಗ್ಗುತ್ತದೆ. ಸವೆದ ಪಿಸ್ಟನ್ ತಣ್ಣಗಿರುವಾಗ ಹೇಗೋ ಹಿಡಿತ ತೋರಿಸಿದರೂ ಬಿಸಿಯಲ್ಲಿ ಸಂದು ತೆರೆದುಕೊಂಡು ಕಂಪ್ರೆಷನ್ ಬಿಟ್ಟುಕೊಡುತ್ತದೆ. ತಣ್ಣಗೆ ಐದು ಎಳೆತಕ್ಕೆ ಹಿಡಿದದ್ದು ಬಿಸಿಯಲ್ಲಿ ಮೂವತ್ತಕ್ಕೂ ಹಿಡಿಯದಿದ್ದರೆ, 'ಸ್ವಲ್ಪ ಆರಲಿ, ಆಮೇಲೆ ಹಿಡಿಯುತ್ತೆ' ಎಂಬ ಸಮಜಾಯಿಷಿ ಕೇಳಬೇಡಿ. ಆರಿದ ಮೇಲೆ ಹಿಡಿಯುವುದೇ ರೋಗದ ಲಕ್ಷಣ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೂ ಅದೇ ಉತ್ತರ ಎಂದುಕೊಳ್ಳಿ.

ಘಟ್ಟ ಹತ್ತಿದಾಗ ಬದಲಾಗುವ ಟ್ಯೂನಿಂಗ್

ಮಂಗಳೂರಿನಿಂದ ಕೊಂಡು ತಂದ ಟ್ರಕ್ ಅಲ್ಲಿ ಚೆನ್ನಾಗಿ ಓಡಿ, ಸಂಪಾಜೆ ಘಾಟಿ ಹತ್ತಿ ಬಂದ ಮೇಲೆ ಮಂಕಾದರೆ ಮೋಸಹೋದೆವು ಎಂದು ಬೇಸರಿಸಬೇಕಾಗಿಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ತೆಳು. ಗಾಳಿ ಕಡಿಮೆಯಾಗಿ ಇಂಧನ ಅಷ್ಟೇ ಇದ್ದರೆ ಮಿಶ್ರಣ ದಪ್ಪವಾಗುತ್ತದೆ: ಹೊಗೆ ಜಾಸ್ತಿ, ಪಿಕಪ್ ಕಡಿಮೆ, ಬಾಯಲ್ಲಿ ನೀರು ತುಂಬಿಕೊಂಡಂಥ ಗುಳುಗುಳು ಸದ್ದು. ಪೂರ್ತಿ ವೇಗದ ಇಂಧನ ಹದ ಮಾಡುವ ಹೈ ಸ್ಪೀಡ್ ನೀಡಲನ್ನು ಬಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು, ಎಂದರೆ ಸುತ್ತಿನ ಹನ್ನೆರಡನೇ ಒಂದು ಭಾಗ, ತಿರುಗಿಸಿ. ಎರಡು ಸಲ ಉದ್ದಕ್ಕೆ ಓಡಿಸಿ ಉಷ್ಣತೆ ನೋಡಿ. ಬೇಕಾದರೆ ಇನ್ನೊಂದು ಗಂಟೆಯಷ್ಟು. ಒಮ್ಮೆಗೇ ಕಾಲು ಸುತ್ತು ತಿರುಗಿಸುವ ಅವಸರ ಬೇಡ.

ಅಪಾಯ ಇರುವುದು ಇಳಿಯುವ ದಿಕ್ಕಿನಲ್ಲಿ. ಮಡಿಕೇರಿಯಲ್ಲಿ ಹದವಾಗಿ ಟ್ಯೂನ್ ಮಾಡಿದ ಟ್ರಕ್ಕನ್ನು ಹಾಗೇ ಕರಾವಳಿಗೆ ಒಯ್ದು ಓಡಿಸಿದರೆ ಗಾಳಿ ಹೆಚ್ಚಾಗಿ, ಇಂಧನದ ಜೊತೆಗೆ ಬರುವ ಎಣ್ಣೆ ಸಾಲದೆ ಎಂಜಿನ್ ಸೀಜ್ ಆಗಬಹುದು. ಒಯ್ಯುವ ಮುಂಚೆ ನೀಡಲನ್ನು ಎಡಕ್ಕೆ ಎರಡು-ಮೂರು ಗಂಟೆಯಷ್ಟು ಬಿಚ್ಚಿ ಇಟ್ಟುಕೊಳ್ಳಿ, ಅಲ್ಲಿ ಹೋಗಿ ಮತ್ತೆ ಹದ ಮಾಡಿ. ಮೈಸೂರು, ಕುಶಾಲನಗರ, ಬೆಂಗಳೂರಿನ ಗಾಡಿಗಳಿಗೆ ಇಷ್ಟು ವ್ಯತ್ಯಾಸ ಬರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಗಾಳಿ ಸಾಂದ್ರವಾಗಿರುವುದರಿಂದ ಮಧ್ಯಾಹ್ನಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಇಂಧನ ಕೇಳುತ್ತದೆ.

ಬೆಲೆ ಕಟ್ಟುವುದು

ಅದೇ ಮಾಡೆಲ್ ಹೊಸದಾಗಿ ಇಂದು ಎಷ್ಟು ಎಂದು ನೋಡಿ, ಅಲ್ಲಿಂದ ಇಳಿಯಬೇಡಿ. ಕೆಳಗಿನಿಂದ ಮೇಲಕ್ಕೆ ಕಟ್ಟಿ. ಎಂಜಿನ್ ಇಲ್ಲದ ಬರೀ ಚಾಸಿಗೆ ಎಷ್ಟು ಕೊಡುತ್ತೀರಿ ಎಂದು ಮೊದಲು ನಿರ್ಧರಿಸಿ. ಬಿಸಿ ಸ್ಟಾರ್ಟ್ ಪರೀಕ್ಷೆ ಪಾಸಾದರೆ ಮಾತ್ರ ಎಂಜಿನ್ನಿಗೆ ಬೆಲೆ ಸೇರಿಸಿ. ರಿಮೋಟ್ 2.4 ಆಗಿದ್ದರೆ ಅದಕ್ಕೊಂದಿಷ್ಟು, ಇಗ್ನೈಟರ್, ಇಂಧನ ಬಾಟಲಿ, ಬಿಡಿ ಗೇರುಗಳಿದ್ದರೆ ಅದಕ್ಕೊಂದಿಷ್ಟು. ಪಿಸ್ಟನ್-ಸ್ಲೀವ್-ರಾಡ್ ಸೆಟ್ ಸಿಗುವುದಾದರೂ ಬೇರಿಂಗ್‌ಗಳ ಜೊತೆ ಕೂಡಿ, ತರಿಸುವ ಖರ್ಚು ಸೇರಿಸಿದರೆ ಚೀನಾ ಎಂಜಿನ್‌ಗಳಲ್ಲಿ ಪೂರ್ತಿ ಹೊಸ ಎಂಜಿನ್ನೇ ಮೇಲು. ಸ್ಟಾರ್ಟ್ ಆಗದ ಗಾಡಿಗೆ 'ಚಿಕ್ಕ ಕೆಲಸ ಅಷ್ಟೇ' ಎಂದರೆ ಆ ಚಿಕ್ಕ ಕೆಲಸ ಮಾಡಿಸಿಯೇ ಕೊಡಿ ಎಂದು ಕೇಳಿ. ದೂರದಿಂದ ಕೊರಿಯರ್‌ನಲ್ಲಿ ತರಿಸುವುದಾದರೆ ವಿಡಿಯೋ ಕಾಲ್‌ನಲ್ಲಿ ಮೊದಲು ಹೆಡ್ ಮೇಲೆ ಬೆರಳಿಟ್ಟು ತೋರಿಸಲಿ, ಕತ್ತರಿಸದೆ ಅದೇ ಕಾಲ್‌ನಲ್ಲಿ ತಣ್ಣಗಿನ ಸ್ಟಾರ್ಟ್, ಓಟ, ಬಿಸಿ ಸ್ಟಾರ್ಟ್ ಮೂರೂ ಆಗಲಿ. ಟ್ಯಾಂಕ್ ಪೂರ್ತಿ ಒಣಗಿಸಿ ಕಳಿಸಬೇಕು.

ಮನೆಗೆ ತಂದ ಮೇಲೆ

ಮೊದಲ ಓಟಕ್ಕೂ ಮುಂಚೆ ಇಂಧನ ಪೈಪು, ಏರ್ ಫಿಲ್ಟರ್ ಸ್ಪಂಜು, ಗ್ಲೋ ಪ್ಲಗ್ ಈ ಮೂರನ್ನು ಹೊಸದು ಹಾಕಿ. ಪೈಪಿನಲ್ಲಿ ಕಣ್ಣಿಗೆ ಕಾಣದ ಸೂಜಿ ತೂತು ಇದ್ದರೆ ದಿನವಿಡೀ ನೀಡಲ್ ತಿರುಗಿಸಿದರೂ ಹದ ಸಿಗುವುದಿಲ್ಲ. ಹೊಸ ಸ್ಪಂಜಿಗೆ ಫಿಲ್ಟರ್ ಆಯಿಲ್ ಹಾಕಿ ಹಿಂಡಿ ಎಲ್ಲೆಡೆ ಒಂದೇ ಬಣ್ಣ ಬರುವಂತೆ ಮಾಡಿ. ಬೇಸಿಗೆಯ ತೋಟದ ರಸ್ತೆಯಲ್ಲಿ ಓಡಿಸುವವರು ಪ್ರತಿ ದಿನದ ಆಟ ಮುಗಿದ ಮೇಲೆ ಸ್ಪಂಜು ತೊಳೆದು ಮತ್ತೆ ಎಣ್ಣೆ ಹಾಕಬೇಕು. ಕಾಫಿ ಗಿಡದ ಕೆಳಗಿನ ಒಣ ತರಗೆಲೆಯ ಮೇಲೆ ಬಿಸಿ ಗಾಡಿ ನಿಲ್ಲಿಸಬೇಡಿ. ಹೂಮಳೆ ಬೀಳುವ ತನಕ ಅಲ್ಲಿ ಕಿಡಿ ಸಾಕು.

ಓಟ ಮುಗಿದಾಗ ಟ್ಯಾಂಕಿನ ಇಂಧನ ತೆಗೆದು, ಪೈಪಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗಿ ನಿಲ್ಲುವ ತನಕ ಐಡಲ್‌ನಲ್ಲಿ ಬಿಡಿ. ಎಂಜಿನ್ ಬೆಚ್ಚಗಿರುವಾಗಲೇ ಕಾರ್ಬಿಗೆ ಮತ್ತು ಪ್ಲಗ್ ತೂತಿಗೆ ನಾಲ್ಕೈದು ಹನಿ ಆಫ್ಟರ್-ರನ್ ಆಯಿಲ್ (ಓಟದ ನಂತರ ಹಾಕುವ ತುಕ್ಕು ತಡೆಯುವ ಎಣ್ಣೆ) ಬಿಟ್ಟು ಹತ್ತು ಸಲ ದಾರ ಎಳೆಯಿರಿ. ಕೊನೆಗೆ ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳತುದಿಯಲ್ಲಿ ನಿಲ್ಲುವಂತೆ ಮಾಡಿ, ಫ್ಲೈವೀಲ್ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಂಡರೆ ಪ್ರತಿ ಸಲ ಹುಡುಕಬೇಕಾಗಿಲ್ಲ. ಮೇಲ್ತುದಿಯಲ್ಲಿ ಬಿಟ್ಟರೆ ಆರುವಾಗ ಸ್ಲೀವ್ ಅದನ್ನು ಹಿಡಿದು ಬಿಗಿಯುತ್ತದೆ, ಮುಂದಿನ ಸಲ ದಾರ ಎಳೆಯಲೂ ಆಗುವುದಿಲ್ಲ.

ಮಳೆಗಾಲಕ್ಕೆ ಇಡುವಾಗ ರಿಸೀವರ್ ಬ್ಯಾಟರಿ ತೆಗೆದಿಡಿ, ಸೈಲೆನ್ಸರ್ ತುದಿಗೆ ಮತ್ತು ಕಾರ್ಬಿಗೆ ಎಣ್ಣೆ ಹಚ್ಚಿದ ಬಟ್ಟೆ ತುರುಕಿ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದಾಗ ಹಂಚಿನ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಹಂಚಿನಲ್ಲಿ ಮತ್ತೆ ಅಡುಗೆ ಬೇಡ. ತಿಂಗಳಿಗೊಮ್ಮೆ ಡ್ರಮ್ ತೆರೆದು ಎರಡು ಹನಿ ಎಣ್ಣೆ ಬಿಟ್ಟು ಫ್ಲೈವೀಲನ್ನು ನಾಲ್ಕು ಸುತ್ತು ತಿರುಗಿಸಿ. ಇಂಧನದ ಬಾಟಲಿಯನ್ನು ಗಾಡಿಯ ಜೊತೆ ಇಡಬೇಡಿ, ಅಡುಗೆಮನೆಯ ಅಟ್ಟದಲ್ಲೂ ಬಚ್ಚಲೊಲೆಯ ಹತ್ತಿರವೂ ಬೇಡ. ಬಿಸಿಲು ಬೀಳದ, ಮಕ್ಕಳ ಕೈಗೆಟುಕದ, ಬೀಗ ಹಾಕುವ ಹೊರಗಿನ ಕೋಣೆಯಲ್ಲಿ, ಮುಚ್ಚಳದ ಮೇಲೆ ತೆರೆದ ತಾರೀಕು ಬರೆದಿಡಿ. ತೆರೆದ ಬಾಟಲಿಯನ್ನು ಮೇ ಮುಗಿಯುವುದರೊಳಗೆ ಓಡಿಸಿ ಖಾಲಿ ಮಾಡಿ, ಅಕ್ಟೋಬರಿನಲ್ಲಿ ಹೊಸದು ತನ್ನಿ.